ಅಜ್ಜಿಯ ಡಬ್ಬಿಯಲ್ಲಿ ರೂಪಾಯಿ ಸಣ್ಣದಾಗುತ್ತಾ ಬಂದಿದ್ದು ಯಾಕೆ?

ಪ್ರಶ್ನೆ: ನಾನು ಮೂಡಿಗೆರೆಯಲ್ಲಿ ಒಂದು ದಿನಸಿ ಅಂಗಡಿ ನಡೆಸುತ್ತೇನೆ. ಅಜ್ಜಿ ತೀರಿಕೊಂಡ ಮೇಲೆ ಅವರ ಬಿಸ್ಕತ್ತಿನ ಡಬ್ಬಿ ನನ್ನ ಕೈಗೆ ಬಂತು. ಒಳಗೆ ರಾಜನ ತಲೆ ಇರುವ ಬೆಳ್ಳಿ ರೂಪಾಯಿಗಳು, ತೂತಿನ ಕಾಸುಗಳು, ಹಿತ್ತಾಳೆ ಬಣ್ಣದ ಇಪ್ಪತ್ತು ಪೈಸೆಗಳು, ಆನೆ ಚಿತ್ರದ ಒಂದು ತಾಮ್ರದ ಬಿಲ್ಲೆ ಇವೆ. ಅವರ ಕಾಲದ ರೂಪಾಯಿಯಿಂದ ಹಿಡಿದು ನನ್ನ ಗಲ್ಲಾಪೆಟ್ಟಿಗೆಯ ರೂಪಾಯಿ ತನಕ ಎಲ್ಲವನ್ನೂ ಇಸವಿ ಪ್ರಕಾರ ಸಾಲಾಗಿ ಇಟ್ಟೆ. ಬರ್ತಾ ಬರ್ತಾ ಸಣ್ಣದಾಗಿದೆ! ಯಾಕೆ ಸರ್? ಇನ್ನೊಂದು ವಿಷಯ. ಇಸವಿಯ ಕೆಳಗೆ ಕೆಲವದರಲ್ಲಿ ಚುಕ್ಕಿ ಇದೆ, ಕೆಲವದರಲ್ಲಿ ನಕ್ಷತ್ರ, ಕೆಲವದರಲ್ಲಿ ಏನೂ ಇಲ್ಲ. ಏನೂ ಇಲ್ಲದ್ದು ಟಂಕಸಾಲೆಯ ತಪ್ಪು, ಅದಕ್ಕೆ ಲಕ್ಷಗಟ್ಟಲೆ ಬೆಲೆ ಎಂದು ಒಬ್ಬ ಗಿರಾಕಿ ಮೊಬೈಲಿನಲ್ಲಿ ವಿಡಿಯೋ ತೋರಿಸಿದರು. ನಿಜವೇ? ಅಸಲಿಗೆ ಈ ನಾಣ್ಯಗಳನ್ನು ಹೇಗೆ ಮಾಡುತ್ತಾರೆ?

ಉತ್ತರ: ಸಾಲಾಗಿ ಇಟ್ಟು ನೋಡಿದಿರಲ್ಲ, ಅದು ನನಗೆ ಬಹಳ ಇಷ್ಟವಾಯಿತು. ಹಾಸನದ ಬ್ಯಾಂಕೊಂದರಲ್ಲಿ ಮೂವತ್ತು ವರ್ಷಕ್ಕೂ ಜಾಸ್ತಿ ಕ್ಯಾಷಿಯರ್ ಆಗಿದ್ದವನು ನಾನು. ಚಿಲ್ಲರೆ ಎಣಿಸಿ ಎಣಿಸಿ ಬೆರಳ ತುದಿ ಕಪ್ಪಾಗಿತ್ತು. ಆದರೂ ನಾಣ್ಯಗಳನ್ನು ಹೀಗೆ ಸಾಲಿಗೆ ಇಟ್ಟು ನೋಡುವ ಬುದ್ಧಿ ಬಂದಿದ್ದು ಕೆಲಸ ಬಿಡುವ ಹೊತ್ತಿಗೆ.

ನಿಮ್ಮ ಅಂಗಡಿಯಲ್ಲಿ ತಕ್ಕಡಿ ಇದ್ದೇ ಇರುತ್ತದೆ. ಅದರಿಂದಲೇ ಶುರು ಮಾಡೋಣ.

1950ರಲ್ಲಿ ಗಣರಾಜ್ಯದ ಮೊದಲ ರೂಪಾಯಿ ಬಂತು. ಒಂದು ಬದಿ ಅಶೋಕನ ಸಿಂಹ, ಇನ್ನೊಂದು ಬದಿ ತೆನೆ. ಅದು ನಿಕ್ಕಲ್ಲಿನದು, ತೂಕ 11.66 ಗ್ರಾಂ. 1962ರಲ್ಲಿ ಅದು 10 ಗ್ರಾಮಿಗೆ ಇಳಿಯಿತು. 1975ರಲ್ಲಿ ತಾಮ್ರ-ನಿಕ್ಕಲ್ ಮಿಶ್ರಲೋಹಕ್ಕೆ ಬದಲಾಗಿ 8 ಗ್ರಾಂ ಆಯಿತು. 1983ರಲ್ಲಿ 6 ಗ್ರಾಂ. 1992ರಲ್ಲಿ ಸ್ಟೀಲ್ ಬಂತು, 4.85 ಗ್ರಾಂ. 2011ರಲ್ಲಿ 3.79. ಈಗ ನಿಮ್ಮ ಗಲ್ಲಾದಲ್ಲಿ ಬೀಳುತ್ತಿರುವ 2019ರ ನಂತರದ್ದು 3.09 ಗ್ರಾಂ. ಅಗಲ ಕೂಡ 28 ಮಿಲಿಮೀಟರಿನಿಂದ 20ಕ್ಕೆ ಬಂದಿದೆ. ಅಂಗಿಯ ಗುಂಡಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ.

ಇದನ್ನೇ ಅಂಗಡಿ ಲೆಕ್ಕದಲ್ಲಿ ಹೇಳುತ್ತೇನೆ. ಒಂದು ಕೆಜಿ ಲೋಹದಿಂದ 1950ರಲ್ಲಿ 85 ರೂಪಾಯಿ ಮಾಡಬಹುದಿತ್ತು. 1975ರಲ್ಲಿ 125, 1992ರಲ್ಲಿ 206. ಈಗ 323. ಅದೂ ನಿಕ್ಕಲ್ಲಿಗಿಂತ ಎಷ್ಟೋ ಅಗ್ಗದ ಸ್ಟೀಲಿನಲ್ಲಿ.

ಯಾಕೆ ಹೀಗೆ ಅಂದರೆ, ರೂಪಾಯಿಗೆ ಸಿಗುವ ಸಾಮಾನು ಕಮ್ಮಿ ಆಗುತ್ತಾ ಹೋಗುತ್ತದೆ, ಲೋಹದ ಬೆಲೆ ಏರುತ್ತಾ ಹೋಗುತ್ತದೆ. ಎಂದಾದರೂ ಒಂದು ದಿನ ಒಂದು ರೂಪಾಯಿಯ ನಾಣ್ಯದೊಳಗಿನ ಲೋಹವೇ ಒಂದೂಕಾಲು ರೂಪಾಯಿ ಬಾಳಿತು ಅಂದುಕೊಳ್ಳಿ. ಆಗ ಜನ ಅದನ್ನು ಚಲಾವಣೆ ಮಾಡುವುದಿಲ್ಲ, ಕರಗಿಸುತ್ತಾರೆ. ಇದು ಬರೀ ಊಹೆಯಲ್ಲ. ನಿಮಗೆ ನೆನಪಿರಬಹುದು, ಮೊದಲು ದಪ್ಪನೆಯ ಐದು ರೂಪಾಯಿ ನಾಣ್ಯ ಇತ್ತು. ತಾಮ್ರ-ನಿಕ್ಕಲ್, 9 ಗ್ರಾಂ. ಅದು ಗಡಿ ದಾಟಿ ಬಾಂಗ್ಲಾದೇಶಕ್ಕೆ ಹೋಗಿ ಶೇವಿಂಗ್ ಬ್ಲೇಡ್ ಆಗುತ್ತಿದೆ ಎಂದು 2007ರ ಸುಮಾರಿಗೆ ಪತ್ರಿಕೆಗಳಲ್ಲಿ ಸುದ್ದಿಯೋ ಸುದ್ದಿ. ಅದೇ ಹೊತ್ತಿಗೆ ಐದು ರೂಪಾಯಿಯನ್ನೂ 6 ಗ್ರಾಮಿನ ಸ್ಟೀಲಿಗೆ ಇಳಿಸಿದರು. ನಾಣ್ಯ ಕರಗಿಸಿದರೆ 2011ರ ನಾಣ್ಯ ಕಾಯ್ದೆ ಪ್ರಕಾರ ಏಳು ವರ್ಷದ ತನಕ ಜೈಲು. ಆದರೆ ಬರೀ ಕಾನೂನಿನಿಂದ ಲೋಹ ಉಳಿಯುವುದಿಲ್ಲ. ಕರಗಿಸಿದರೆ ಲಾಭ ಇಲ್ಲದಂತೆ ಮಾಡಿದರೆ ಮಾತ್ರ ಉಳಿಯುತ್ತದೆ. ನಾಣ್ಯ ಸಣ್ಣದಾಗುವುದರ ಗುಟ್ಟು ಇದೇ.

ಇಷ್ಟೆಲ್ಲ ಇಳಿಸಿದರೂ ಕೆಲವೊಮ್ಮೆ ನಷ್ಟವೇ. 2018ರಲ್ಲಿ ಮಾಹಿತಿ ಹಕ್ಕಿನಡಿ ಕೇಳಿದ್ದಕ್ಕೆ ಮುಂಬೈ ಟಂಕಸಾಲೆ ಕೊಟ್ಟ ಲೆಕ್ಕ ನೋಡಿ. ಒಂದು ರೂಪಾಯಿ ಮಾಡಲು 1 ರೂಪಾಯಿ 11 ಪೈಸೆ. ಎರಡು ರೂಪಾಯಿಗೆ 1.28, ಐದಕ್ಕೆ 3.69, ಹತ್ತಕ್ಕೆ 5.54. ಒಂದು ರೂಪಾಯಿಯಲ್ಲಿ ಹನ್ನೊಂದು ಪೈಸೆ ಕೈಯಿಂದ ಹೋಗುತ್ತದೆ, ಹತ್ತರಲ್ಲಿ ವಾಪಸ್ ಬರುತ್ತದೆ. ದಿನಸಿ ಅಂಗಡಿಯಲ್ಲಿ ಸಕ್ಕರೆಯಲ್ಲಿ ಏನೂ ಗಿಟ್ಟದೆ ಏಲಕ್ಕಿಯಲ್ಲಿ ಗಿಟ್ಟಿಸಿಕೊಂಡ ಹಾಗೆ ಅಲ್ವಾ?

ಅಂಗಡಿಯವರಿಗೆ ಒಂದು ಪಿರಿಪಿರಿಯ ವಿಷಯವನ್ನೂ ಹೇಳಿಬಿಡುತ್ತೇನೆ. 1992ರಿಂದ ಬಂದ ಸ್ಟೀಲ್ ಒಂದು ರೂಪಾಯಿ 25 ಮಿಲಿಮೀಟರ್, 4.85 ಗ್ರಾಂ. 2011ರ ಎರಡು ರೂಪಾಯಿಯೂ 25 ಮಿಲಿಮೀಟರ್, 4.85 ಗ್ರಾಂ. ಲೋಹವೂ ಅದೇ! ಬಸ್ಸಿನ ಮಬ್ಬು ಬೆಳಕಲ್ಲಿ ಕಂಡಕ್ಟರ್ ಜತೆ ಎಷ್ಟು ಜಗಳ ಆಗಿದೆಯೋ ದೇವರೇ ಬಲ್ಲ. ಕಣ್ಣು ಕಾಣದವರ ಪಾಡಂತೂ ಕೇಳಬೇಡಿ. ಕಡೆಗೆ 2019ರ ಸರಣಿಯಲ್ಲಿ ಬೆಲೆ ಏರಿದ ಹಾಗೆ ತೂಕವೂ ಏರುವಂತೆ ಮಾಡಿದರು. ಇಪ್ಪತ್ತು ರೂಪಾಯಿ ನಾಣ್ಯಕ್ಕೆ ಹನ್ನೆರಡು ಮೂಲೆ ಕೊಟ್ಟಿದ್ದೂ ಬೆರಳಿಗೆ ಗೊತ್ತಾಗಲಿ ಅಂತ. ಇದು ಒಳ್ಳೆಯ ಕೆಲಸ, ಆದರೆ ತಡವಾಯಿತು ಎಂದು ನನ್ನ ಅಭಿಪ್ರಾಯ. ಹಳೆಯವು ಇನ್ನೂ ಚಲಾವಣೆಯಲ್ಲಿ ಇರುವುದರಿಂದ ಗೊಂದಲ ಇನ್ನೂ ಪೂರ್ತಿ ಹೋಗಿಲ್ಲ.

ಈಗ ಹಿಂದಕ್ಕೆ ಹೋಗೋಣ. ನಿಮ್ಮ ತಾಲ್ಲೂಕಿನಲ್ಲೇ ಅಂಗಡಿ ಎಂಬ ಊರಿದೆ. ಹೊಯ್ಸಳರ ಮೂಲಸ್ಥಾನ ಸೊಸೆವೂರು ಅಂತ ಹೇಳುವುದು ಇದನ್ನೇ. ಅಲ್ಲಿಂದ ಬೆಳೆದ ಮನೆತನದ ವಿಷ್ಣುವರ್ಧನ ತಲಕಾಡನ್ನು ಗೆದ್ದ. ಆ ಗೆಲುವನ್ನು ಬೇಲೂರಿನ ಶಾಸನದಲ್ಲಿ ಮಾತ್ರ ಅಲ್ಲ, ಚಿನ್ನದ ನಾಣ್ಯದ ಮೇಲೂ ಬರೆಸಿದ. ಒಂದು ಬದಿ ಸಿಂಹ, ಇನ್ನೊಂದು ಬದಿ ಅಚ್ಚ ಕನ್ನಡದಲ್ಲಿ 'ಶ್ರೀ ತಳಕಾಡುಗೊಂಡ'. ಇನ್ನೊಂದು ನಾಣ್ಯದಲ್ಲಿ 'ಶ್ರೀ ನೊಣಂಬವಾಡಿಗೊಂಡ'. ಗೊಂಡ ಅಂದರೆ ಗೆದ್ದುಕೊಂಡವನು. ಆ ಕಾಲಕ್ಕೆ ಪತ್ರಿಕೆ ಇಲ್ಲ, ರೇಡಿಯೋ ಇಲ್ಲ. ಸಂತೆಗೆ ಹೋದವನ ಸೊಂಟದ ಗಂಟಿನಲ್ಲೇ ರಾಜನ ಸುದ್ದಿ ಊರೂರು ಸುತ್ತುತ್ತಿತ್ತು.

ಆದರೆ ಆಗ ನಾಣ್ಯದ ಬೆಲೆ ಮುದ್ರೆಯಲ್ಲಿ ಇರಲಿಲ್ಲ, ಚಿನ್ನದಲ್ಲಿ ಇತ್ತು. ಚಿನಿವಾರ ತೂಗಿ, ಒರೆಗಲ್ಲಿಗೆ ತಿಕ್ಕಿ ನೋಡಿ ಬೆಲೆ ಕಟ್ಟುತ್ತಿದ್ದ. ಮುದ್ರೆ ಇಂಥ ರಾಜನ ಟಂಕಸಾಲೆಯಿಂದ ಬಂದಿದ್ದು ಅಂತ ಒಂದು ಭರವಸೆ, ಅಷ್ಟೆ. ಶಾಸನಗಳಲ್ಲಿ ಬರುವ ಗದ್ಯಾಣ, ಹಣ, ಹಾಗ, ವೀಸ ಎಲ್ಲವೂ ತೂಕದ ಲೆಕ್ಕವೇ. ಹಣದ ಕಾಲು ಭಾಗ ಹಾಗ, ಹದಿನಾರನೇ ಒಂದು ಭಾಗ ವೀಸ. ನಾವು ಇವತ್ತು ದುಡ್ಡಿಗೆಲ್ಲ ಸೇರಿಸಿ 'ಹಣ' ಅನ್ನುತ್ತೇವಲ್ಲ, ಅದು ಮೂಲದಲ್ಲಿ ಬೇಳೆಕಾಳಿನಷ್ಟು ಸಣ್ಣ ಚಿನ್ನದ ನಾಣ್ಯದ ಹೆಸರು. ವಿಜಯನಗರದ ವರಾಹ ಸುಮಾರು 3.4 ಗ್ರಾಂ, ಅದರ ಹತ್ತನೇ ಒಂದು ಭಾಗ ಹಣ. ಮೈಸೂರಿನ ಕಂಠೀರವ ನರಸರಾಜ ಒಡೆಯರು ಹೊರಡಿಸಿದ 'ಕಂಠೀರಾಯಿ ಹಣ'ವೂ ಇದೇ ಜಾತಿಯದ್ದು. ಕೈ ಜಾರಿ ನೆಲಕ್ಕೆ ಬಿದ್ದರೆ ಹುಡುಕಲು ದೀಪ ಹಚ್ಚಬೇಕು. ದುಡ್ಡು, ಕಾಸು ಎರಡೂ ತಾಮ್ರದ ನಾಣ್ಯಗಳು. ನಾಣ್ಯ ಹೋಯಿತು, ಹೆಸರು ಮಾತ್ರ ನಮ್ಮ ಬಾಯಲ್ಲಿ ಉಳಿಯಿತು.

ಬೆಳ್ಳಿ ರೂಪಾಯಿ ಶುರುವಾಗಿದ್ದು ದೆಹಲಿಯನ್ನು ಆಳಿದ ಶೇರ್ ಶಾಹ ಸೂರಿಯ ಕಾಲದಲ್ಲಿ. 1835ರಲ್ಲಿ ಈಸ್ಟ್ ಇಂಡಿಯಾ ಕಂಪನಿ ತನ್ನ ಪ್ರಾಂತ್ಯಗಳಿಗೆಲ್ಲ ಒಂದೇ ಅಳತೆ ಮಾಡಿತು. ತೂಕ 11.66 ಗ್ರಾಂ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಅಂದರೆ ಒಂದು ರೂಪಾಯಿಯಲ್ಲಿ ಸುಮಾರು 10.69 ಗ್ರಾಂ ಶುದ್ಧ ಬೆಳ್ಳಿ. ನೂರು ವರ್ಷ ಈ ಅಳತೆ ಬದಲಾಗಲಿಲ್ಲ.

ಮೊದಲು ಪೆಟ್ಟು ಬಿದ್ದಿದ್ದು ಮೊದಲ ಮಹಾಯುದ್ಧದಲ್ಲಿ. ಬೆಳ್ಳಿಯ ದರ ಏರಿತು. ಜನ ರೂಪಾಯಿಯನ್ನು ಮಡಕೆಗೆ ಹಾಕಿ ಹೂತಿಟ್ಟರು. ಸರ್ಕಾರಕ್ಕೆ ನಾಣ್ಯ ಸಾಲದೆ 1917ರ ನವೆಂಬರ್ 30ರಂದು ಒಂದು ರೂಪಾಯಿಯ ಕಾಗದದ ನೋಟು ಹೊರಡಿಸಿತು. ಅದರ ಮೇಲೆ ಬೆಳ್ಳಿ ರೂಪಾಯಿಯ ಚಿತ್ರ! ಮರುವರ್ಷ ಅಮೆರಿಕ ತನ್ನ ಬೆಳ್ಳಿ ಡಾಲರುಗಳನ್ನು ಕರಗಿಸಿ ಸುಮಾರು 20 ಕೋಟಿ ಔನ್ಸ್ ಬೆಳ್ಳಿಯನ್ನು ಇಲ್ಲಿಗೆ ಮಾರಿತು. ಎರಡನೇ ಮಹಾಯುದ್ಧದಲ್ಲಿ ಇದೇ ಕಥೆ ಮತ್ತೊಮ್ಮೆ. 1940ರಲ್ಲಿ ರೂಪಾಯಿಯ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿದರು. 1947ರಲ್ಲಿ ಬೆಳ್ಳಿಯೇ ಹೋಯಿತು, ನಿಕ್ಕಲ್ ಬಂತು. ನಿಮ್ಮ ಅಜ್ಜಿಯ ತೂತಿನ ಕಾಸು ಕೂಡ ಯುದ್ಧದ ಕೂಸೇ. 1943ರಿಂದ 1947ರ ತನಕ ತಾಮ್ರ ಉಳಿಸಲು ಕಾಸಿನ ನಡುವೆ ತೂತು ಹೊಡೆದರು. ನಮ್ಮ ಕಡೆ ಹೆಂಗಸರು ಅದಕ್ಕೆ ದಾರ ಪೋಣಿಸಿ ಮಕ್ಕಳ ಸೊಂಟಕ್ಕೆ ಕಟ್ಟುತ್ತಿದ್ದರು. ನನ್ನ ಅಕ್ಕನ ಫೋಟೋ ಒಂದರಲ್ಲಿ ಉಡಿದಾರದಲ್ಲಿ ಅದು ಕಾಣುತ್ತದೆ.

ಆಮೇಲೆ 1957ರ ಏಪ್ರಿಲ್ 1. ಹದಿನಾರು ಆಣೆಯ ರೂಪಾಯಿ ನೂರು ನಯಾಪೈಸೆ ಆಯಿತು. ಅದಕ್ಕೆ ಮೊದಲು ರೂಪಾಯಿಗೆ 64 ಪೈಸೆ, 192 ಪೈ. ಒಂದು ಆಣೆಗೆ ಲೆಕ್ಕ ಹಾಕಿದರೆ ಆರೂಕಾಲು ನಯಾಪೈಸೆ. ಕಾಲು ನಯಾಪೈಸೆಯ ನಾಣ್ಯ ಎಲ್ಲಿಂದ ತರುವುದು? ಆರಕ್ಕೆ ಸಮಾಧಾನ ಮಾಡಿಕೊಂಡರು. 1964ರ ಜೂನ್ 1ಕ್ಕೆ 'ನಯಾ' ಬಿಟ್ಟುಹೋಯಿತು. ನಾಲ್ಕಾಣೆ, ಎಂಟಾಣೆ ಅನ್ನುವ ಮಾತು ಮಾತ್ರ ಬಿಡಲಿಲ್ಲ. ನಾಲ್ಕಾಣೆ, ಅಂದರೆ 25 ಪೈಸೆ, ಮತ್ತು ಅದಕ್ಕಿಂತ ಕೆಳಗಿನವು 2011ರ ಜೂನ್ 30ಕ್ಕೆ ರದ್ದಾದವು. ಎಂಟಾಣೆ ಕಾನೂನಿನ ಪ್ರಕಾರ ಇವತ್ತಿಗೂ ನಡೆಯುತ್ತದೆ. ಸಂತೆಯಲ್ಲಿ ಕೊಟ್ಟು ನೋಡಿ, ನಿಮ್ಮನ್ನೇ ಒಂದು ಥರ ನೋಡುತ್ತಾರೆ.

ಇನ್ನು ತಯಾರಿಕೆ. ಇದು ಗೊತ್ತಾದರೆ ಆ ವಿಡಿಯೋದ ಬಂಡವಾಳ ತಾನಾಗಿ ಬಯಲಾಗುತ್ತದೆ.

ನೋಟು ರಿಸರ್ವ್ ಬ್ಯಾಂಕಿನದು, ನಾಣ್ಯ ಭಾರತ ಸರ್ಕಾರದ್ದು. ಹಾಗಾಗಿಯೇ ನಾಣ್ಯದ ಮೇಲೆ ಗವರ್ನರ್ ಸಹಿ ಇಲ್ಲ, ಇಷ್ಟು ಕೊಡುವುದಾಗಿ ಮಾತು ಕೊಡುತ್ತೇನೆ ಅನ್ನುವ ಸಾಲೂ ಇಲ್ಲ. ವರ್ಷಕ್ಕೆ ಯಾವ ನಾಣ್ಯ ಎಷ್ಟು ಬೇಕು ಎಂದು ರಿಸರ್ವ್ ಬ್ಯಾಂಕ್ ಹೇಳುತ್ತದೆ, ಸರ್ಕಾರದ ಟಂಕಸಾಲೆಗಳು ಮಾಡಿ ಕೊಡುತ್ತವೆ, ಬ್ಯಾಂಕುಗಳ ಮೂಲಕ ಅದು ನಿಮ್ಮ ಗಲ್ಲಾಕ್ಕೆ ಬರುತ್ತದೆ. ಟಂಕಸಾಲೆಗಳು ನಾಲ್ಕು: ಮುಂಬೈ, ಕೋಲ್ಕತ್ತ, ಹೈದರಾಬಾದ್, ನೋಯ್ಡಾ. ಮುಂಬೈಯದ್ದು 1829ರದ್ದು. ಹೈದರಾಬಾದಿನದು ನಿಜಾಮರ ಕಾಲದ್ದು, ಈಗ ಚೆರ್ಲಪಲ್ಲಿಯಲ್ಲಿದೆ. ನೋಯ್ಡಾ ಎಲ್ಲಕ್ಕಿಂತ ಕಿರಿಯದು, 1988ರದ್ದು.

ಒಂದು ನಾಣ್ಯ ಹುಟ್ಟುವುದು ಚಿತ್ರದಿಂದ. ಮೊದಲು ಕಲಾವಿದರು ವಿನ್ಯಾಸ ಬರೆಯುತ್ತಾರೆ. ಅದನ್ನು ನಾಣ್ಯಕ್ಕಿಂತ ಎಷ್ಟೋ ಪಟ್ಟು ದೊಡ್ಡದಾಗಿ, ಊಟದ ತಟ್ಟೆಯಷ್ಟು ಅಗಲಕ್ಕೆ, ಪ್ಲಾಸ್ಟರಿನಲ್ಲಿ ಉಬ್ಬುಶಿಲ್ಪದ ಹಾಗೆ ಮಾಡುವುದು ಹಳೆಯ ಪದ್ಧತಿ. ಅದನ್ನು ಒಂದು ಯಂತ್ರಕ್ಕೆ ಸಿಕ್ಕಿಸಿದರೆ, ಒಂದು ಕಡೆ ಸೂಜಿ ದೊಡ್ಡ ಚಿತ್ರದ ಮೇಲೆ ನಿಧಾನಕ್ಕೆ ಓಡಾಡುತ್ತದೆ, ಇನ್ನೊಂದು ಕಡೆ ಉಳಿ ಅದೇ ಆಕಾರವನ್ನು ಉಕ್ಕಿನ ಮೇಲೆ ಸಣ್ಣದಾಗಿ ಕೆತ್ತುತ್ತದೆ. ಈಗ ಈ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ. ಹೀಗೆ ಬಂದ ಉಬ್ಬು ಮಾದರಿಯಿಂದ ತಗ್ಗಿನ ಅಚ್ಚು, ಅದರಿಂದ ಮತ್ತೆ ಉಬ್ಬು, ಅದರಿಂದ ಕೆಲಸದ ಅಚ್ಚುಗಳು. ಇಷ್ಟೆಲ್ಲ ತಲೆಮಾರು ಯಾಕೆ ಅಂದರೆ, ಕೆಲಸದ ಅಚ್ಚು ಪೆಟ್ಟು ತಿಂದು ತಿಂದು ಸವೆಯುತ್ತದೆ, ಬಿರುಕು ಬಿಡುತ್ತದೆ. ಅದನ್ನು ಎಸೆದು ಹೊಸದು ಹಾಕಬೇಕು. ಮೂಲ ಮಾದರಿ ಭದ್ರವಾಗಿ ಇರಬೇಕು. ಬೇಲೂರಿನ ಶಿಲ್ಪಿ ಕಲ್ಲಿನಲ್ಲಿ ಅಕ್ಷರವನ್ನು ನೇರವಾಗಿ ಕೆತ್ತಿದ. ಅದೇ ರಾಜನ ಟಂಕಸಾಲೆಯವನು 'ತಳಕಾಡುಗೊಂಡ'ವನ್ನು ಅಚ್ಚಿನಲ್ಲಿ ಉಲ್ಟಾ ಕೆತ್ತಬೇಕಿತ್ತು, ಅದೂ ಅಕ್ಕಿಕಾಳಿನಷ್ಟು ಜಾಗದಲ್ಲಿ. ಕಂಪ್ಯೂಟರ್ ಬಿಡಿ, ಕನ್ನಡಕವೂ ಇಲ್ಲದ ಕಾಲ ಅದು.

ಇತ್ತ ಲೋಹ. ಒಂದು, ಎರಡು ರೂಪಾಯಿಗೆ ಬಳಸುವ ಸ್ಟೀಲಿನಲ್ಲಿ ಶೇಕಡ 83 ಕಬ್ಬಿಣ, 17 ಕ್ರೋಮಿಯಂ. ತುಕ್ಕು ಹಿಡಿಯದಿರುವುದು ಕ್ರೋಮಿಯಂನಿಂದ. ಸೇಲಂನ ಉಕ್ಕಿನ ಕಾರ್ಖಾನೆ ಇದರ ಬಿಲ್ಲೆಗಳನ್ನು ಮಾಡಿ ಟಂಕಸಾಲೆಗಳಿಗೆ ಕೊಡುತ್ತದೆ. ಉಕ್ಕಿನ ಪಟ್ಟಿಯಿಂದ ಬಿಲ್ಲೆ ಕತ್ತರಿಸುವುದು ನಿಮ್ಮ ಮನೆಯಲ್ಲಿ ಲಟ್ಟಿಸಿದ ಹಿಟ್ಟಿನಿಂದ ಲೋಟದ ಬಾಯಲ್ಲಿ ಪೂರಿ ಕತ್ತರಿಸಿದ ಹಾಗೇ. ಉಳಿದ ತುಂಡು ಮತ್ತೆ ಕುಲುಮೆಗೆ ಹೋಗುತ್ತದೆ. ಕತ್ತರಿಸಿದ ಬಿಲ್ಲೆ ಗಡಸಾಗಿರುತ್ತದೆ. ಅದನ್ನು ಕಾಯಿಸಿ ಮೆತ್ತಗೆ ಮಾಡಬೇಕು, ತೊಳೆದು ಹೊಳಪು ಬರಿಸಬೇಕು. ಆಮೇಲೆ ಅಂಚನ್ನು ಒತ್ತಿ ಸ್ವಲ್ಪ ಎತ್ತರಿಸುತ್ತಾರೆ. ಈ ಎತ್ತರದ ಅಂಚು ಇರುವುದರಿಂದಲೇ ನಾಣ್ಯ ಒಂದರ ಮೇಲೊಂದು ನೆಟ್ಟಗೆ ಕೂರುತ್ತದೆ, ಒಳಗಿನ ಚಿತ್ರ ಬೇಗ ಸವೆಯುವುದಿಲ್ಲ.

ಕಡೆಯದು ಪೆಟ್ಟು. ಕೆಳಗೊಂದು ಅಚ್ಚು, ಮೇಲೊಂದು ಅಚ್ಚು, ಸುತ್ತ ಉಂಗುರದಂತೆ ಒಂದು ಕಾಲರ್. ನಡುವೆ ಬಿಲ್ಲೆ. ಟನ್ನುಗಟ್ಟಲೆ ಒತ್ತಡದಲ್ಲಿ ಒಂದೇ ಪೆಟ್ಟು. ಎರಡು ಮುಖವೂ ಅಂಚೂ ಒಟ್ಟಿಗೆ ಮೂಡುತ್ತವೆ. ಲೋಹ ಆ ಕ್ಷಣದಲ್ಲಿ ಬೆಣ್ಣೆಯ ಹಾಗೆ ಹರಿದು ಅಚ್ಚಿನ ಸಂದಿಗಳನ್ನೆಲ್ಲ ತುಂಬುತ್ತದೆ. ಹತ್ತು ರೂಪಾಯಿಯ ಹೊರಗಿನ ಬಳೆ ಮತ್ತು ಒಳಗಿನ ಬಿಲ್ಲೆಗೆ ಅಂಟು ಹಾಕಿಲ್ಲ, ಬೆಸುಗೆಯೂ ಇಲ್ಲ. ಇದೇ ಪೆಟ್ಟಿಗೆ ಒಂದರೊಳಗೊಂದು ಹಿಗ್ಗಿ ಕಚ್ಚಿಕೊಂಡಿರುತ್ತವೆ. ಇಂಥ ಪ್ರೆಸ್ಸು ನಿಮಿಷಕ್ಕೆ ನೂರಾರು ನಾಣ್ಯ ಉದುರಿಸುತ್ತದೆ.

ನೂರಾರು ಅಂದೆನಲ್ಲ. ಆ ವೇಗದಲ್ಲಿ ಒಮ್ಮೊಮ್ಮೆ ಎಡವಟ್ಟಾಗುತ್ತದೆ. ಬಿಲ್ಲೆ ಓರೆಯಾಗಿ ಕೂತರೆ ಚಿತ್ರ ಒಂದು ಪಕ್ಕಕ್ಕೆ ಸರಿದು, ಉಳಿದ ಜಾಗ ಖಾಲಿ. ಪಟ್ಟಿಯ ಅಂಚಿನಲ್ಲಿ ಕತ್ತರಿಸಿದ ಬಿಲ್ಲೆಯಾದರೆ ಒಂದು ಕಡೆ ಕಚ್ಚಿದ ಹಾಗೆ. ಹೊಡೆದ ನಾಣ್ಯ ಕೆಳಗೆ ಬೀಳದೆ ಮೇಲಿನ ಅಚ್ಚಿಗೇ ಅಂಟಿಕೊಂಡರೆ, ಮುಂದಿನ ಬಿಲ್ಲೆಯ ಒಂದು ಮುಖದಲ್ಲಿ ಅದೇ ಚಿತ್ರ ತಿರುಗುಮುರುಗಾಗಿ, ತಗ್ಗಾಗಿ ಮೂಡುತ್ತದೆ. ಅಪರೂಪಕ್ಕೆ ಒಂದು ಬೆಲೆಯ ನಾಣ್ಯದ ಅಚ್ಚಿಗೆ ಇನ್ನೊಂದರ ಬಿಲ್ಲೆ ಹೋಗುತ್ತದೆ. ಇವು ಅಸಲಿ ತಪ್ಪುಗಳು. ಸಂಗ್ರಹ ಮಾಡುವವರು ಇವಕ್ಕೆ ದುಡ್ಡು ಕೊಡುವುದೂ ನಿಜ. ಯಾವ ಯಂತ್ರದ ಯಾವ ಹಂತದಲ್ಲಿ ಹೀಗಾಗಲು ಸಾಧ್ಯ ಎಂದು ವಿವರಿಸಲು ಬಂದರೆ ಮಾತ್ರ ಅದು ತಪ್ಪು ನಾಣ್ಯ. ಬರದಿದ್ದರೆ ಯಾರೋ ವೈಸಿನಲ್ಲಿ, ಅಂದರೆ ಕಬ್ಬಿಣ ಬಿಗಿಹಿಡಿಯುವ ತಿರುಪಿನ ಇಕ್ಕಳದಲ್ಲಿ, ಎರಡು ನಾಣ್ಯ ಸೇರಿಸಿ ಅದುಮಿದ್ದಾರೆ ಎಂದು ಅರ್ಥ. ಅಂಥವನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಒಂದು ಮುಖದಲ್ಲಿ ತಗ್ಗು ಬಿದ್ದರೆ ಇನ್ನೊಂದು ಮುಖದ ಚಿತ್ರ ಜಜ್ಜಿಹೋಗಿರುತ್ತದೆ. ಅಲ್ಲೇ ಸಿಕ್ಕಿಬೀಳುತ್ತದೆ.

ಈಗ ಇಸವಿಯ ಕೆಳಗಿನ ಗುರುತು. ಯಾವ ಟಂಕಸಾಲೆಯದು ಎಂದು ಗೊತ್ತಾಗಲಿ ಅಂತ ಅದನ್ನು ಹಾಕುತ್ತಾರೆ. ವಜ್ರದಾಕಾರದ ಚುಕ್ಕಿ ಇದ್ದರೆ ಮುಂಬೈ. ನಕ್ಷತ್ರ ಇದ್ದರೆ ಹೈದರಾಬಾದ್. ದುಂಡನೆಯ ಚುಕ್ಕಿ ಇದ್ದರೆ ನೋಯ್ಡಾ. ಏನೂ ಇಲ್ಲದಿದ್ದರೆ ಕೋಲ್ಕತ್ತ. ದೇಶದ ಹಿರಿಯ ಟಂಕಸಾಲೆ ಅದು, ಗುರುತು ಹಾಕದಿರುವುದೇ ಅದರ ಗುರುತು. ನಿಮ್ಮ ಗಿರಾಕಿ ತೋರಿಸಿದ ಲಕ್ಷದ ನಾಣ್ಯ ಇದೇ. ಅಂಥವು ಕೋಟಿಗಟ್ಟಲೆ ಇವೆ. ನಿಮ್ಮ ಗಲ್ಲಾದಲ್ಲಿ ಈಗಲೇ ಹತ್ತಾದರೂ ಸಿಗುತ್ತವೆ, ನೋಡಿ. ಒಂದೊಂದರ ಬೆಲೆ ಒಂದೇ ರೂಪಾಯಿ.

ನಾಲ್ಕಲ್ಲದ ಬೇರೆ ಗುರುತು ಕಂಡರೂ ಗಾಬರಿ ಬೇಡ. ಎಂಬತ್ತರ ದಶಕದಲ್ಲಿ ಚಿಲ್ಲರೆಗೆ ಎಷ್ಟು ಬರ ಬಂತೆಂದರೆ ನಮ್ಮ ನಾಣ್ಯವನ್ನು ಹೊರದೇಶದಲ್ಲಿ ಮಾಡಿಸಿ ಹಡಗಿನಲ್ಲಿ ತಂದರು. 1985ರ ರೂಪಾಯಿಯಲ್ಲಿ ಇಸವಿಯ ಕೆಳಗೆ ಇಂಗ್ಲಿಷಿನ ಎಚ್ ಅಕ್ಷರ ಇದ್ದರೆ ಅದು ಬರ್ಮಿಂಗ್‌ಹ್ಯಾಮಿನ ಹೀಟನ್ ಟಂಕಸಾಲೆಯದು. ಆಗ ಅಂಗಡಿಯವರು ಚಿಲ್ಲರೆ ಬದಲು ಪೆಪ್ಪರ್‌ಮಿಂಟ್ ಕೊಡುತ್ತಿದ್ದರು. ನಿಮ್ಮ ಅಪ್ಪನನ್ನು ಕೇಳಿ.

ವಿಡಿಯೋ ಬಗ್ಗೆ ಇನ್ನೊಂದು ಮಾತು. ಆ ವಿಡಿಯೋದ ಕಡೆಯಲ್ಲಿ ಒಂದು ನಂಬರ್ ಇರುತ್ತದೆ. ಫೋನ್ ಮಾಡಿದರೆ ನಿಮ್ಮ ನಾಣ್ಯಕ್ಕೆ ಮೂರು ಲಕ್ಷ ಅನ್ನುತ್ತಾರೆ. ಆಮೇಲೆ ನೋಂದಣಿಗೆ ಇಷ್ಟು, ತೆರಿಗೆಗೆ ಇಷ್ಟು, ಮೊದಲು ಕಳಿಸಿ ಅನ್ನುತ್ತಾರೆ. ನಮ್ಮ ಬೀದಿಯ ನಿವೃತ್ತ ಮೇಷ್ಟ್ರೊಬ್ಬರು ಎರಡು ಕಂತು ಕಳಿಸಿದ ಮೇಲೆ ನನ್ನ ಹತ್ತಿರ ಬಂದರು. ಲೆಕ್ಕದ ಮೇಷ್ಟ್ರು! ರಿಸರ್ವ್ ಬ್ಯಾಂಕಂತೂ ತನ್ನ ಹೆಸರು ಹೇಳಿಕೊಂಡು ವಂಚಕರು ಹೀಗೆ ಮಾಡುತ್ತಿದ್ದಾರೆ, ಹಳೆಯ ನಾಣ್ಯ ಕೊಳ್ಳುವ ವ್ಯವಹಾರಕ್ಕೂ ತನಗೂ ಸಂಬಂಧ ಇಲ್ಲ ಎಂದು 2021ರ ಆಗಸ್ಟಿನಲ್ಲಿ ಪ್ರಕಟಣೆಯನ್ನೇ ಕೊಟ್ಟಿದೆ. ನಿಮ್ಮ ವಸ್ತು ಕೊಳ್ಳುವವನು ನಿಮಗೆ ದುಡ್ಡು ಕೊಡಬೇಕು, ನಿಮ್ಮಿಂದ ಕೇಳಬಾರದು. ಅಂಗಡಿ ನಡೆಸುವವರಿಗೆ ಇದನ್ನು ನಾನು ಹೇಳಬೇಕಾಗಿಲ್ಲ.

ಹತ್ತು ರೂಪಾಯಿ ನಾಣ್ಯದಲ್ಲಿ ಗೆರೆ ಎಣಿಸಿ ನಕಲಿ ಅನ್ನುವವರಿಗೂ ಇಲ್ಲೇ ಉತ್ತರ. ಬೇರೆ ಬೇರೆ ಹೊತ್ತಿನಲ್ಲಿ ಬೇರೆ ಬೇರೆ ಅಚ್ಚು ಬಳಸಿದ್ದಾರೆ. 2018ರ ಹೊತ್ತಿಗೇ 14 ವಿನ್ಯಾಸ ಆಗಿದ್ದವು. ಎಲ್ಲವೂ ಅಸಲಿ ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ತೆಗೆದುಕೊಳ್ಳಿ.

ಇನ್ನು ಅಜ್ಜಿಯ ಡಬ್ಬಿ. ಫ್ರಿಜ್ಜಿಗೆ ಅಂಟಿಸುವ ಅಯಸ್ಕಾಂತ ಇದ್ದರೆ ತನ್ನಿ. ರಾಜನ ತಲೆಯ ರೂಪಾಯಿ ಅದಕ್ಕೆ ಅಂಟಿದರೆ 1947ರ ನಿಕ್ಕಲ್, ಹಿಂಬದಿ ಹುಲಿ ಇರುತ್ತದೆ. ಅಂಟದಿದ್ದರೆ ಬೆಳ್ಳಿ ಇರಬಹುದು, ಇಸವಿ ನೋಡಿ. 1940ರ ಮೊದಲಿನದಾದರೆ ಒಳಗೆ 10.69 ಗ್ರಾಂ ಬೆಳ್ಳಿ, 1940ರದ್ದೋ ನಂತರದ್ದೋ ಆದರೆ 5.83 ಗ್ರಾಂ. ಇವತ್ತಿನ ಬೆಳ್ಳಿ ದರಕ್ಕೆ ಗುಣಿಸಿದರೆ ಅದರ ಕನಿಷ್ಠ ಬೆಲೆ ಸಿಕ್ಕಿತು. ಸಾಮಾನ್ಯ ಇಸವಿಯವಕ್ಕೆ ಅದಕ್ಕಿಂತ ತೀರಾ ಜಾಸ್ತಿ ನಿರೀಕ್ಷೆ ಬೇಡ. ಅಕಸ್ಮಾತ್ 1911ರ ಐದನೇ ಜಾರ್ಜ್ ರೂಪಾಯಿ ಸಿಕ್ಕಿದರೆ ಮಾತ್ರ ಎತ್ತಿಡಿ. ರಾಜನ ನಿಲುವಂಗಿಯ ಮೇಲೆ ಆನೆಯೊಂದಿದೆ. ಸೊಂಡಿಲು ಮೋಟಾಗಿ ಅದು ಹಂದಿಯ ಹಾಗೆ ಕಂಡಿತು. ಜನ ಗಲಾಟೆ ಮಾಡಿದರು. ನಾಣ್ಯ ವಾಪಸ್ ತರಿಸಿಕೊಂಡು, 1912ರಲ್ಲಿ ಸೊಂಡಿಲು ಉದ್ದ ಮಾಡಿ ಹೊಸದು ಹೊಡೆದರು. ಹಂದಿ ರೂಪಾಯಿ ಅಂತಲೇ ಅದಕ್ಕೆ ಹೆಸರು. 1939ರ ಬೆಳ್ಳಿ ರೂಪಾಯಿಯೂ ಅಪರೂಪ. ಆದರೆ ಅದರ ನಕಲಿಯೇ ಜಾಸ್ತಿ ಓಡಾಡುತ್ತದೆ, ಹುಷಾರು.

ಇಪ್ಪತ್ತು ಪೈಸೆ ಬಗ್ಗೆ ಚಿನ್ನ ಬೆರೆತಿದೆ ಎಂದು ನಮ್ಮ ಕಡೆ ಒಂದು ಗುಲ್ಲಿತ್ತು. ಅಮ್ಮನೂ ನಂಬಿದ್ದರು. ಚಿನ್ನ ಇಲ್ಲ, ಸುಮ್ನೆ ಬಣ್ಣ ಹಾಗಿದೆ. ಕಮಲ ಇರುವವನ್ನು ಲಕ್ಷ್ಮೀಪೂಜೆಗೆ ಇಡುತ್ತಾರೆ, ನೀವೂ ಇಡಿ. ಡಬ್ಬಿಯಲ್ಲಿ ಹಳೆಯ ಆಣೆ ಇದ್ದರೆ ಅದರ ಮೇಲೆ ನಾಲ್ಕು ಲಿಪಿ ಕಾಣುತ್ತದೆ. ಒಂದು ಕನ್ನಡ ಎಂದು ಖುಷಿಯಾಗುತ್ತದೆ. ಅದು ತೆಲುಗು. ನನಗೂ ಮೊದಲ ಸಲ ಖುಷಿಯಾಗಿತ್ತು.

ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜಬೇಡಿ. ದೀಪದ ಕಂಬಕ್ಕೆ ಸರಿ, ನಾಣ್ಯಕ್ಕೆ ಅಲ್ಲ. ಮೇಲಿನ ಕಪ್ಪು ಹೋಗುವಾಗ ಅಕ್ಷರದ ಚೂಪೂ ಹೋಗುತ್ತದೆ, ಬೆಲೆಯೂ ಹೋಗುತ್ತದೆ. ಕುಂಕುಮ ಮೆತ್ತಿದ್ದರೆ ಬರೀ ನೀರಲ್ಲಿ ಅದ್ದಿ ಮೆತ್ತನೆ ಬಟ್ಟೆಯಲ್ಲಿ ಒತ್ತಿ.

ಆನೆಯ ಬಿಲ್ಲೆಯನ್ನು ಕಡೆಗೆ ಉಳಿಸಿಕೊಂಡಿದ್ದೆ. ಡಬ್ಬಿಯಲ್ಲಿ ನನಗೆ ಆಸೆ ಹುಟ್ಟಿಸಿದ್ದು ಅದೇ. ಟಿಪ್ಪುವಿನ ತಾಮ್ರದ ನಾಣ್ಯದಲ್ಲೂ ಆನೆ, ಮುಮ್ಮಡಿ ಕೃಷ್ಣರಾಜ ಒಡೆಯರ ನಾಣ್ಯದಲ್ಲೂ ಆನೆ. ಎರಡೂ ಕೈಯಲ್ಲಿ ಸುತ್ತಿಗೆಯಿಂದ ಹೊಡೆದವು. ಆಗ ಕಾಲರ್ ಇರಲಿಲ್ಲ, ಹಾಗಾಗಿ ಆನೆಯ ಕಾಲೋ ಬಾಲವೋ ಬಿಲ್ಲೆಯ ಹೊರಗೆ ಹೋಗಿರುವುದು ಮಾಮೂಲು. ಅದನ್ನು ತಪ್ಪು ನಾಣ್ಯ ಅನ್ನುವವರ ಮಾತು ಕೇಳಬೇಡಿ. ಬೆಳಗಿನ ಬಿಸಿಲಿಗೆ ಓರೆಯಾಗಿ ಹಿಡಿದು ನೋಡಿ. ಆನೆಯ ಮೇಲೆ ಸೂರ್ಯ ಚಂದ್ರ ಇದ್ದು, 'ಶ್ರೀ' ಅಥವಾ 'ಚಾಮುಂಡಿ' ಎಂದು ಕನ್ನಡ ಕಂಡರೆ ಮುಮ್ಮಡಿಯವರದು. ಕೆಲವದರ ಹಿಂಬದಿ 'ಮಯಿಲಿ ಕಾಸು' ಎಂದೂ ಇರುತ್ತದೆ. ಮೈಸೂರಿನ ಆ ನಾಣ್ಯಗಳು 1843ಕ್ಕೆ ನಿಂತವು. ಹಿಂಬದಿ ಬರೀ ಪರ್ಷಿಯನ್ ಇದ್ದರೆ ಟಿಪ್ಪುವಿನದು. ಅದು ಟಂಕಸಾಲೆಯ ಊರಿನ ಹೆಸರು. ಪಟ್ಟಣ ಅಂದರೆ ಶ್ರೀರಂಗಪಟ್ಟಣ, ನಗರ ಅಂದರೆ ಬಿದನೂರು. ಇಸವಿಯ ಅಂಕಿ ಇದ್ದರೆ ಕೆಲವದರಲ್ಲಿ ಬಲದಿಂದ ಎಡಕ್ಕೆ ಓದಬೇಕು.

ಎರಡೂ ಬದಿಯ ಫೋಟೋ ಕಳಿಸಿ. ಪಕ್ಕದಲ್ಲಿ ಈಗಿನ ಒಂದು ರೂಪಾಯಿ ಇಟ್ಟೇ ತೆಗೆಯಿರಿ, ಅಳತೆ ಗೊತ್ತಾಗುತ್ತದೆ.